ಮುಷ್ಟಿಗೆ ಕಡಿವಾಣ: ಬಾಕ್ಸಿಂಗ್ ಮತ್ತು ಅದರ ಚಾಂಪಿಯನ್ನರ ಕಥೆ

ಬಾಕ್ಸಿಂಗ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಎರಡೇ ಹೆಸರು. ಒಂದು ಮಹಮ್ಮದ್ ಅಲಿ, ಇನ್ನೊಂದು ಮೈಕ್ ಟೈಸನ್. ಮೊದಲನೆಯವನು ಆಡಿದ ಮಾತುಗಳಿಗಾಗಿ, ಎರಡನೆಯವನು ಕಚ್ಚಿದ ಕಿವಿಗಾಗಿ! ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳಿಕೊಂಡು ಬೆಳೆದ ನಮ್ಮ ತಲೆಮಾರಿಗೆ ಈ ಆಟ ಅಷ್ಟಾಗಿ ಒಗ್ಗಲಿಲ್ಲ. "ಇಬ್ಬರು ನಿಂತು ಒಬ್ಬರ ಮುಖಕ್ಕೆ ಒಬ್ಬರು ಗುದ್ದಿಕೊಳ್ಳುವುದೂ ಒಂದು ಆಟವೇ? ಅದನ್ನು ನೋಡುವುದಕ್ಕೆ ದುಡ್ಡು ಬೇರೆ ಕೊಡಬೇಕೇ?" ಎಂದು ಊರಿನಿಂದ ಬಂದ ಹಿರಿಯರು ಕೇಳಿದರೆ ಉತ್ತರ ಹೇಳುವುದು ಕಷ್ಟವೇ. ಆದರೆ ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಹೈಸ್ಕೂಲಿಗೆ ಬರುವ ಹೊತ್ತಿಗೆ, "ಅಪ್ಪಾ, ನಾನೂ ಬಾಕ್ಸಿಂಗ್ ಜಿಮ್‌ಗೆ ಸೇರಲಾ?" ಎಂದು ಕೇಳುವ ಸಂದರ್ಭ ಯಾವ ಮನೆಯಲ್ಲಾದರೂ ಬರಬಹುದು. ಹೌದು ಎನ್ನಲಿ, ಬೇಡ ಎನ್ನಲಿ, ಅದಕ್ಕೆ ಮುಂಚೆ ವಿಷಯ ತಿಳಿದಿರುವುದು ಒಳ್ಳೆಯದಲ್ಲವೇ?

ಈ ಕ್ರೀಡೆಯ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದು ಇಷ್ಟು. ಗುದ್ದುವುದನ್ನು ಮನುಷ್ಯನಿಗೆ ಯಾರೂ ಕಲಿಸಬೇಕಾಗಿಲ್ಲ. ತೊಟ್ಟಿಲ ಮಗುವಿಗೂ ಅದು ಬರುತ್ತದೆ. ಎಲ್ಲಿಗೆ ನಿಲ್ಲಿಸಬೇಕು, ಯಾರು ನಿಲ್ಲಿಸಬೇಕು ಎಂಬುದನ್ನು ಕಲಿಯುವುದಕ್ಕೆ ಮಾತ್ರ ನೂರಾರು ವರ್ಷ ಹಿಡಿಯಿತು. ಬಾಕ್ಸಿಂಗ್‌ನ ಕಥೆಯೆಂದರೆ ಬಹುಮಟ್ಟಿಗೆ "ಸಾಕು" ಎಂಬ ಒಂದು ಮಾತಿನ ಕಥೆ.

ನಮ್ಮ ಕಡೆಯ ಮುಷ್ಟಿಕಾಳಗ

ಮುಷ್ಟಿಯುದ್ಧ ನಮಗೇನೂ ಹೊಸದಲ್ಲ. ಮಥುರೆಯಲ್ಲಿ ಕೃಷ್ಣ-ಬಲರಾಮರ ಮೇಲೆ ಕಂಸ ಛೂ ಬಿಟ್ಟ ಇಬ್ಬರು ಜಟ್ಟಿಗಳಲ್ಲಿ ಒಬ್ಬನ ಹೆಸರೇ ಮುಷ್ಟಿಕ! ಸೊಂಟದ ಕೆಳಗೆ ಹೊಡೆಯಬಾರದೆಂಬ ಬಾಕ್ಸಿಂಗ್ ನಿಯಮವನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಭೀಮ ದುರ್ಯೋಧನನ ತೊಡೆಗೆ ಹೊಡೆದದ್ದು ಸರಿಯೋ ತಪ್ಪೋ ಎಂದು ಜಗಲಿಕಟ್ಟೆಗಳಲ್ಲಿ ಇಂದಿಗೂ ವಾದ ನಡೆಯುತ್ತದೆ.

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 1520ರ ಸುಮಾರಿಗೆ ಕೃಷ್ಣದೇವರಾಯನ ವಿಜಯನಗರದಲ್ಲಿ ಮಹಾನವಮಿಯನ್ನು ಕಂಡು ಬರೆದಿಟ್ಟಿದ್ದಾನೆ. ಅಲ್ಲಿಯ ಜಟ್ಟಿಗಳ ಕುಸ್ತಿ ತನ್ನ ದೇಶದ್ದರಂತಿರಲಿಲ್ಲ, ಹಲ್ಲು ಮುರಿಯುವಂಥ, ಕಣ್ಣು ಹೋಗುವಂಥ ಹೊಡೆತಗಳಿದ್ದವು, ಮಾತು ನಿಂತುಹೋದವರನ್ನು ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದರು ಎನ್ನುತ್ತಾನೆ. ಇಬ್ಬರನ್ನೂ ಸಮಸಮವಾಗಿ ನಿಲ್ಲಿಸಿ ತೀರ್ಪು ಕೊಡುವವರು ಅಲ್ಲಿದ್ದರು ಎಂಬುದನ್ನೂ ಆತ ಗಮನಿಸಿದ್ದಾನೆ.

ಮೈಸೂರು ದಸರಾ ಬಲ್ಲವರಿಗೆ ವಜ್ರಮುಷ್ಟಿ ಕಾಳಗ ಗೊತ್ತು. ವಿಜಯದಶಮಿಯ ದಿನ ಜಂಬೂ ಸವಾರಿಗೆ ಮುಂಚೆ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ಚೂಪಾದ ಮುಷ್ಟ್ಯಾಯುಧ ಧರಿಸಿ ಎದುರಾಗುತ್ತಾರೆ. ನೋಡುವವರು ಕಣ್ಣು ಮಿಟುಕಿಸುವಷ್ಟರಲ್ಲಿ ಎಷ್ಟೋ ಸಲ ಕಾಳಗ ಮುಗಿದೇ ಹೋಗಿರುತ್ತದೆ, ಏಕೆಂದರೆ ಒಬ್ಬನ ತಲೆಯಿಂದ ಒಂದು ಹನಿ ರಕ್ತ ಚಿಮ್ಮಿದರೆ ಸಾಕು, ಅಲ್ಲಿಗೆ ನಿಲ್ಲಿಸುತ್ತಾರೆ. ಆಯುಧ ಕ್ರೂರವಾದದ್ದು, ಆದರೆ ನಿಲ್ಲಿಸುವ ಗೆರೆ ಮಾತ್ರ ಸ್ಪಷ್ಟ. ಈ ಗೆರೆಯ ವಿಷಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಗ್ರೀಸ್‌ನಿಂದ ಲಂಡನ್‌ಗೆ

ಪ್ರಾಚೀನ ಗ್ರೀಸ್‌ನ ಒಲಿಂಪಿಕ್ಸ್‌ಗೆ ಬಾಕ್ಸಿಂಗ್ ಸೇರಿದ್ದು ಕ್ರಿಸ್ತಪೂರ್ವ 688ರಲ್ಲಿ. ಮೊದಲು ಗೆದ್ದವನು ಸ್ಮಿರ್ನಾದ ಒನೊಮಾಸ್ಟಸ್. ಆಗ ಗ್ಲೌಸ್ ಇರಲಿಲ್ಲ, ಕೈಗೆ ಚರ್ಮದ ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ಸುತ್ತುಗಳಿಲ್ಲ, ವಿರಾಮವಿಲ್ಲ, ತೂಕದ ವಿಭಾಗಗಳಿಲ್ಲ. ಒಬ್ಬ ಬಿದ್ದುಹೋಗಬೇಕು, ಇಲ್ಲವೇ ಬೆರಳೆತ್ತಿ ಸೋಲೊಪ್ಪಿಕೊಳ್ಳಬೇಕು, ಅಲ್ಲಿಯವರೆಗೂ ಹೊಡೆದಾಟವೇ. ಮುಂದೆ ರೋಮನ್ನರು ಕೈಪಟ್ಟಿಗೆ ಲೋಹ ಸೇರಿಸಿದರು. ಆಟದಲ್ಲಿದ್ದ ಅಲ್ಪಸ್ವಲ್ಪ ಕರುಣೆಯೂ ಮಾಯವಾಯಿತು. ರೋಮನ್ ಸಾಮ್ರಾಜ್ಯದೊಂದಿಗೆ ಈ ಕ್ರೀಡೆಯೂ ಮರೆಯಾಗಿ, ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅದರ ಸುದ್ದಿ ಹೆಚ್ಚೇನೂ ಕೇಳಿಬರುವುದಿಲ್ಲ.

ನಾವಿಂದು ನೋಡುವ ಬಾಕ್ಸಿಂಗ್ ಹುಟ್ಟಿದ್ದು ಹದಿನೆಂಟನೆಯ ಶತಮಾನದ ಲಂಡನ್‌ನಲ್ಲಿ. 1719ರಲ್ಲಿ ಜೇಮ್ಸ್ ಫಿಗ್ ಎಂಬಾತನನ್ನು ಇಂಗ್ಲೆಂಡಿನ ಚಾಂಪಿಯನ್ ಎಂದು ಕರೆದರು. ಆಗಿನದು ಬರಿಗೈಯ ಗುದ್ದಾಟ. ಹಿಡಿದು ಕೆಡವುವುದೂ ನಡೆಯುತ್ತಿತ್ತು. ಮುಂದೆ ಚಾಂಪಿಯನ್ ಆದ ಜ್ಯಾಕ್ ಬ್ರೌಟನ್ ತನ್ನ ಅಖಾಡಕ್ಕಾಗಿ 1743ರಲ್ಲಿ ಲಿಖಿತ ನಿಯಮಗಳನ್ನು ಮಾಡಿದ. ತಾನು ಹೊಡೆದ ಎದುರಾಳಿಯೊಬ್ಬ ಸತ್ತದ್ದೇ ಅದಕ್ಕೆ ಕಾರಣವೆಂದು ಬಹುಕಾಲದಿಂದ ಹೇಳಿಕೊಂಡು ಬಂದಿದ್ದಾರೆ.

ಬಿದ್ದವನನ್ನು ಹೊಡೆಯುವಂತಿಲ್ಲ. ಸೊಂಟದ ಕೆಳಗೆ ಕೈ ಹಾಕಿ ಹಿಡಿಯುವಂತಿಲ್ಲ. ಬಿದ್ದವನು ಅರ್ಧ ನಿಮಿಷದೊಳಗೆ ಎದ್ದು ನಡುಗೆರೆಗೆ ಬಂದು ನಿಲ್ಲಬೇಕು. ಇವೆಲ್ಲದರ ಜೊತೆಗೆ ಇನ್ನೊಂದು ಮಾತಿತ್ತು: ಗೆರೆಗೆ ಬರಲಾಗದಿದ್ದರೆ ಸೋಲು, ಅಥವಾ ಹೋರಾಟಗಾರನ ಸ್ವಂತ ಸಹಾಯಕನೇ ಅವನು ಸೋತನೆಂದು ಸಾರಿದರೂ ಸೋಲು. ಹೋರಾಡುವವನು ಇನ್ನೂ ನಿಂತಿರಬಹುದು, "ನಾನು ಆಡುತ್ತೇನೆ" ಎನ್ನುತ್ತಿರಬಹುದು. ಆದರೂ ಅವನ ಕಡೆಯ ಒಬ್ಬ ಮನುಷ್ಯನಿಗೆ "ಸಾಕು" ಎನ್ನುವ ಹಕ್ಕಿದೆ. ಇವತ್ತು ಟವೆಲ್ ಎಸೆಯುವುದು ಎನ್ನುತ್ತೇವಲ್ಲ, ಅದರ ಬೇರು ಇಲ್ಲಿದೆ.

ಈ ಕಾಲದಲ್ಲೇ ಬುದ್ಧಿಬಲವೂ ರಿಂಗಿಗೆ ಇಳಿಯಿತು. ಲಂಡನ್‌ನ ಬಡ ಯಹೂದಿ ಕುಟುಂಬದ ಡೇನಿಯಲ್ ಮೆಂಡೋಜಾ ಎತ್ತರದಲ್ಲೂ ತೂಕದಲ್ಲೂ ಸಾಮಾನ್ಯನು. ಪೆಟ್ಟು ತಿಂದು ಪೆಟ್ಟು ಕೊಡುವುದೇ ಗಂಡಸುತನ ಎಂದಿದ್ದ ಕಾಲದಲ್ಲಿ ಆತ ತಪ್ಪಿಸಿಕೊಳ್ಳುವುದನ್ನು, ತಡೆಯುವುದನ್ನು, ಪಕ್ಕಕ್ಕೆ ಸರಿಯುವುದನ್ನು ವಿದ್ಯೆಯಾಗಿ ಬೆಳೆಸಿದ. 1790ರ ದಶಕದ ಮೊದಲ ವರ್ಷಗಳಲ್ಲಿ ತನಗಿಂತ ದೊಡ್ಡ ಆಳುಗಳನ್ನು ಸೋಲಿಸಿ ಚಾಂಪಿಯನ್ ಎನಿಸಿಕೊಂಡ.

ಗ್ಲೌಸ್ ಬಂದದ್ದು ಯಾರ ರಕ್ಷಣೆಗೆ?

1867ರಲ್ಲಿ ಕ್ವೀನ್ಸ್‌ಬರಿ ನಿಯಮಗಳು ಪ್ರಕಟವಾದವು. ಬರೆದವನು ಜಾನ್ ಗ್ರಹಾಂ ಚೇಂಬರ್ಸ್, ಹೆಸರು ಮಾತ್ರ ಪೋಷಕನಾಗಿದ್ದ ಕ್ವೀನ್ಸ್‌ಬರಿಯ ಮಾರ್ಕ್ವಿಸ್‌ನದು. (ಕೆಲಸ ಒಬ್ಬರದು, ಹೆಸರು ಮ್ಯಾನೇಜರದು, ನಮ್ಮ ಐಟಿಯವರಿಗೆ ಇದು ಹೊಸದೇನಲ್ಲ!) ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿರಾಮ, ಬಿದ್ದವನಿಗೆ ಹತ್ತು ಸೆಕೆಂಡು, ಕೈಗೆ ಗ್ಲೌಸ್, ತಬ್ಬಿ ಕೆಡವುವಂತಿಲ್ಲ. ಇಂದಿನ ಬಾಕ್ಸಿಂಗ್‌ನ ಅಸ್ತಿಭಾರ ಇದೇ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಬ್ರೌಟನ್‌ನದು ವರ್ಷನ್ 1, ಕ್ವೀನ್ಸ್‌ಬರಿಯದು ವರ್ಷನ್ 2. ಆಮೇಲೆ ಬಂದದ್ದೆಲ್ಲ ಪ್ಯಾಚ್‌ಗಳು. ಹೆಚ್ಚಿನ ಪ್ಯಾಚ್‌ಗಳ ಹಿಂದೆ ಯಾರದೋ ನೋವಿದೆ.

ಗ್ಲೌಸ್ ಬಂದ ಮೇಲೆ ಆಟ ಸುರಕ್ಷಿತವಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಅರ್ಧ ನಿಜ. ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ನಮ್ಮ ಕೈಯಲ್ಲಿ 27 ಸಣ್ಣ ಮೂಳೆಗಳಿವೆ. ಬರಿಗೈಯಲ್ಲಿ ಬುರುಡೆಗೆ ಬಲವಾಗಿ ಗುದ್ದಿದರೆ ಮೊದಲು ಮುರಿಯುವುದು ಗುದ್ದಿದವನ ಕೈ. ಹಾಗಾಗಿ ಬರಿಗೈ ಕಾಲದವರು ತಲೆಗೆ ಹೊಡೆಯುವಾಗ ಲೆಕ್ಕ ಹಾಕಿ ಹೊಡೆಯುತ್ತಿದ್ದರು. ಗ್ಲೌಸ್ ತೊಟ್ಟ ಮೇಲೆ ಆ ಭಯ ಹೋಯಿತು. ಮುಖದ ಗಾಯ ಕಡಿಮೆಯಾಯಿತು, ತಲೆಗೆ ಬೀಳುವ ಪೆಟ್ಟು ಹೆಚ್ಚಾಯಿತು.

ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಗಿಟುಕು ಕೊಬ್ಬರಿ ಚಿಪ್ಪಿಗೆ ಬಡಿಯುವುದು ಕೇಳಿಸುತ್ತದಲ್ಲ? ಮಿದುಳು ಗಿಟುಕಿನಷ್ಟು ಸಡಿಲವಲ್ಲ, ಸುತ್ತ ದ್ರವವಿದೆ. ಆದರೂ ತಲೆ ಥಟ್ಟನೆ ತಿರುಗಿದಾಗ ಒಳಗಿನ ಮಿದುಳು ಅಷ್ಟೇ ಬೇಗ ತಿರುಗಲಾರದೆ ಎಳೆದಾಡುತ್ತದೆ, ಸೂಕ್ಷ್ಮ ನರತಂತುಗಳು ಜಗ್ಗುತ್ತವೆ. ಹೊರಗಿನ ಮೆತ್ತೆ ಇದನ್ನು ಪೂರ್ತಿ ತಡೆಯಲಾರದು. ಹಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕನ್ ವೈದ್ಯ 1928ರಲ್ಲೇ, ವರ್ಷಗಟ್ಟಲೆ ಪೆಟ್ಟು ತಿಂದ ಬಾಕ್ಸರ್‌ಗಳ ತಡವರಿಸುವ ನಡಿಗೆ, ತೊದಲುವ ಮಾತು, ಮರೆವುಗಳ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. ಇಂದು ಇಂಥ ಹಾನಿಯನ್ನು ಸಿ.ಟಿ.ಇ. ಎಂಬ ಹೆಸರಿನಲ್ಲಿ ಫುಟ್‌ಬಾಲ್ ಆಟಗಾರರ ವಿಷಯದಲ್ಲೂ ಕೇಳುತ್ತೇವೆ.

ಅಮೆರಿಕದ ರಿಂಗು ಮತ್ತು ಬಣ್ಣದ ಗೆರೆ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಾಕ್ಸಿಂಗ್‌ನ ರಾಜಧಾನಿ ಅಮೆರಿಕಕ್ಕೆ ಬಂತು. 1889ರ ಜುಲೈ 8ರಂದು ಮಿಸಿಸಿಪ್ಪಿಯ ರಿಚ್‌ಬರ್ಗ್‌ನಲ್ಲಿ ಜಾನ್ ಎಲ್. ಸುಲಿವನ್ ಮತ್ತು ಜೇಕ್ ಕಿಲ್ರೇನ್ ಸುಡುಬಿಸಿಲಿನಲ್ಲಿ ಎರಡು ಗಂಟೆಗೂ ಮೀರಿ ಬರಿಗೈಯಲ್ಲಿ ಸೆಣಸಿದರು. ಹಳೆಯ ನಿಯಮದ ಪ್ರಕಾರ ಒಬ್ಬ ಬಿದ್ದರೆ ಒಂದು ಸುತ್ತು. ಹಾಗೆ 75 ಸುತ್ತುಗಳಾದವು. ಇನ್ನು ಮುಂದುವರಿದರೆ ಕಿಲ್ರೇನ್ ಉಳಿಯುವುದಿಲ್ಲ ಎಂದು ಅವನ ಸಹಾಯಕ ಮೈಕ್ ಡೊನೊವನ್ ಸ್ಪಂಜು ಎಸೆದು ಸೋಲೊಪ್ಪಿಕೊಂಡ. ಬರಿಗೈಯ ಕೊನೆಯ ಹೆವಿವೇಟ್ ಚಾಂಪಿಯನ್‌ಶಿಪ್ ಅದು. ಮೂರು ವರ್ಷದ ನಂತರ, 1892ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ ಗ್ಲೌಸ್ ತೊಟ್ಟು ಆಡಿದಾಗ ಹಿಂದೆ ಬ್ಯಾಂಕ್ ಗುಮಾಸ್ತನಾಗಿದ್ದ ಜೇಮ್ಸ್ ಕಾರ್ಬೆಟ್ ತನ್ನ ಚುರುಕು ಕಾಲ್ಚಲನೆಯಿಂದ ಸುಲಿವನ್‌ನನ್ನು 21ನೆಯ ಸುತ್ತಿನಲ್ಲಿ ಕೆಡವಿದ.

ಸುಲಿವನ್ ಕರಿಯರೊಡನೆ ಆಡುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳುತ್ತಿದ್ದ. ಆ ಗೆರೆಯನ್ನು ದಾಟಿದವನು ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ನಿನ ಜ್ಯಾಕ್ ಜಾನ್ಸನ್. ಚಾಂಪಿಯನ್ ಟಾಮಿ ಬರ್ನ್ಸ್‌ನ ಬೆನ್ನು ಹತ್ತಿ ಆಸ್ಟ್ರೇಲಿಯಾದವರೆಗೂ ಹೋಗಿ, 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಆತನನ್ನು ಸೋಲಿಸಿದ. ಅಮೆರಿಕದ ಬಿಳಿಯರಿಗೆ ಇದು ನುಂಗಲಾರದ ತುತ್ತಾಯಿತು. ನಿವೃತ್ತನಾಗಿದ್ದ ಜಿಮ್ ಜೆಫ್ರೀಸ್‌ನನ್ನು ಒತ್ತಾಯಿಸಿ ಕರೆತಂದರು. 1910ರ ಜುಲೈ 4ರಂದು ರೀನೋದಲ್ಲಿ ಜಾನ್ಸನ್ ಅವನನ್ನೂ ಸೋಲಿಸಿದಾಗ ದೇಶದ ಹಲವು ಊರುಗಳಲ್ಲಿ ಗಲಭೆಯಾಗಿ ಜನ ಸತ್ತರು. ರಿಂಗಿನಲ್ಲಿ ಸೋಲಿಸಲಾಗದವನನ್ನು ನ್ಯಾಯಾಲಯದಲ್ಲಿ ಹಿಡಿದರು: ಬಿಳಿಯ ಮಹಿಳೆಯೊಡನೆ ರಾಜ್ಯದ ಗಡಿ ದಾಟಿದ ಎಂಬ ಆರೋಪದ ಮೇಲೆ 1913ರಲ್ಲಿ ಶಿಕ್ಷೆ. ಅಮೆರಿಕದ ಅಧ್ಯಕ್ಷರಿಂದ ಅದಕ್ಕೆ ಕ್ಷಮಾದಾನ ಸಿಕ್ಕಿದ್ದು 2018ರಲ್ಲಿ, ಜಾನ್ಸನ್ ಸತ್ತು ಎಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ! 1915ರಲ್ಲಿ ಅವನು ಸೋತ ನಂತರ ಇನ್ನೊಬ್ಬ ಕರಿಯನಿಗೆ ಹೆವಿವೇಟ್ ಪಟ್ಟಕ್ಕಾಗಿ ಆಡುವ ಅವಕಾಶ ಸಿಕ್ಕಿದ್ದು 22 ವರ್ಷಗಳ ಬಳಿಕ.

ನಡುವೆ ಜ್ಯಾಕ್ ಡೆಂಪ್ಸಿಯ ಕಾಲ. 1926ರಲ್ಲಿ ಫಿಲಡೆಲ್ಫಿಯಾದಲ್ಲಿ ಡೆಂಪ್ಸಿ ಮತ್ತು ಜೀನ್ ಟನ್ನಿಯ ಪಂದ್ಯ ನೋಡಲು 1,20,000ಕ್ಕೂ ಹೆಚ್ಚು ಜನ ಸೇರಿದ್ದರು. ಮರುವರ್ಷ ಶಿಕಾಗೋದಲ್ಲಿ ಡೆಂಪ್ಸಿ ಟನ್ನಿಯನ್ನು ಕೆಡವಿದರೂ ಹೊಸ ನಿಯಮದಂತೆ ಕೂಡಲೇ ದೂರದ ಮೂಲೆಗೆ ಹೋಗಲಿಲ್ಲ. ಅವನು ಹೋಗುವವರೆಗೆ ರೆಫರಿ ಎಣಿಕೆ ಶುರು ಮಾಡಲಿಲ್ಲ. ಆ ನಾಲ್ಕೈದು ಸೆಕೆಂಡುಗಳಲ್ಲಿ ಟನ್ನಿ ಚೇತರಿಸಿಕೊಂಡು ಎದ್ದು ಪಂದ್ಯ ಗೆದ್ದ. ಕೆಡವಿದವನು ದೂರ ನಿಲ್ಲಬೇಕೆಂಬ ಆ ನಿಯಮ ಇಂದಿಗೂ ಇದೆ.

ಜೋ ಲೂಯಿ ಮತ್ತು ಮ್ಯಾಕ್ಸ್ ಷ್ಮೆಲಿಂಗ್

ಅಲಬಾಮಾದ ಬಡ ಗೇಣಿದಾರನ ಮಗನಾಗಿ ಹುಟ್ಟಿ ಡೆಟ್ರಾಯ್ಟ್‌ಗೆ ಬಂದ ಹುಡುಗ ಜೋ ಲೂಯಿ. 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಆತನನ್ನು ಸೋಲಿಸಿದಾಗ ನಾಜಿಗಳು ಕುಣಿದಾಡಿದರು. ಮರುವರ್ಷ ಲೂಯಿ ವಿಶ್ವ ಚಾಂಪಿಯನ್ ಆದ. 1938ರ ಜೂನ್ 22ರಂದು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಇಬ್ಬರೂ ಮತ್ತೆ ಎದುರಾದರು. ಕೇವಲ 124 ಸೆಕೆಂಡು! ಷ್ಮೆಲಿಂಗ್‌ನ ಕಡೆಯವನು ಟವೆಲ್ ಎಸೆದ. ನ್ಯೂಯಾರ್ಕಿನ ನಿಯಮದಲ್ಲಿ ಟವೆಲ್‌ಗೆ ಆಗ ಮಾನ್ಯತೆ ಇರಲಿಲ್ಲವೆಂದು ರೆಫರಿ ಅದನ್ನು ಎತ್ತಿ ಆಚೆಗೆ ಬಿಸಾಡಿದ. ಆದರೆ ಷ್ಮೆಲಿಂಗ್‌ನ ಸ್ಥಿತಿ ನೋಡಿ ಮರುಕ್ಷಣವೇ ತಾನೇ ಪಂದ್ಯ ನಿಲ್ಲಿಸಿದ.

ನಾಜಿಗಳ ವೀರನೆಂದು ಜನ ಕರೆದ ಷ್ಮೆಲಿಂಗ್ ನಾಜಿ ಪಕ್ಷ ಸೇರಲಿಲ್ಲ. ತನ್ನ ಯಹೂದಿ ಮ್ಯಾನೇಜರನ್ನು ಬಿಡಲಿಲ್ಲ. ಅದೇ 1938ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಯಹೂದಿಗಳ ಮೇಲೆ ದಾಳಿ ನಡೆದಾಗ ಇಬ್ಬರು ಯಹೂದಿ ಹುಡುಗರನ್ನು ಬರ್ಲಿನ್ನಿನ ತನ್ನ ಹೋಟೆಲ್ ಕೋಣೆಯಲ್ಲಿ ಅಡಗಿಸಿಟ್ಟು ಕಾಪಾಡಿದ. ಆ ವಿಷಯವನ್ನು ತಾನಾಗಿ ಎಂದೂ ಹೇಳಿಕೊಳ್ಳಲಿಲ್ಲ. ಅರ್ಧ ಶತಮಾನದ ನಂತರ ಆ ಹುಡುಗರಲ್ಲೊಬ್ಬ ಹೇಳಿದಾಗಲೇ ಲೋಕಕ್ಕೆ ತಿಳಿದದ್ದು.

ಲೂಯಿ ಸುಮಾರು 12 ವರ್ಷ ಪಟ್ಟ ಉಳಿಸಿಕೊಂಡು 25 ಬಾರಿ ಅದನ್ನು ಕಾಯ್ದುಕೊಂಡ. ಯುದ್ಧದ ಕಾಲದಲ್ಲಿ, 1942ರಲ್ಲಿ, ಎರಡು ಪಂದ್ಯಗಳ ಸಂಭಾವನೆಯನ್ನು ನೌಕಾಪಡೆ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟು, ತಾನೂ ಸೇನೆ ಸೇರಿದ. ಅಷ್ಟು ಕೊಟ್ಟವನನ್ನು ಯುದ್ಧ ಮುಗಿದ ಮೇಲೆ ತೆರಿಗೆ ಬಾಕಿ ಬೆನ್ನು ಬಿಡಲಿಲ್ಲ. ಅದನ್ನು ತೀರಿಸಲು ನಿವೃತ್ತಿಯ ನಂತರ ಮತ್ತೆ ರಿಂಗಿಗೆ ಇಳಿದ. 1951ರಲ್ಲಿ ಯುವಕ ರಾಕಿ ಮಾರ್ಸಿಯಾನೊ ಆತನನ್ನು ಹೊಡೆದುರುಳಿಸಿದ. (ಮಾರ್ಸಿಯಾನೊ ಮುಂದೆ ಚಾಂಪಿಯನ್ ಆಗಿ, ಆಡಿದ 49 ಪಂದ್ಯಗಳನ್ನೂ ಗೆದ್ದು, 1956ರಲ್ಲಿ ಸೋಲರಿಯದೆ ನಿವೃತ್ತನಾದ.) ಲೂಯಿಯ ಕೊನೆಗಾಲ ಕಳೆದದ್ದು ಲಾಸ್ ವೇಗಸ್‌ನ ಕ್ಯಾಸಿನೋ ಒಂದರಲ್ಲಿ ಅತಿಥಿಗಳನ್ನು ಸ್ವಾಗತಿಸುತ್ತಾ. ಅಷ್ಟು ಹೊತ್ತಿಗೆ ಜರ್ಮನಿಯಲ್ಲಿ ಯಶಸ್ವಿ ವ್ಯಾಪಾರಿಯಾಗಿದ್ದ ಷ್ಮೆಲಿಂಗ್ ಹಳೆಯ ಎದುರಾಳಿಯ ಗೆಳೆಯನಾಗಿ ಹಣದ ನೆರವು ನೀಡುತ್ತಿದ್ದ. 1981ರಲ್ಲಿ ಲೂಯಿ ತೀರಿಕೊಂಡಾಗ ಅಂತ್ಯಕ್ರಿಯೆಯ ಖರ್ಚಿಗೂ ಹೆಗಲು ಕೊಟ್ಟ. 124 ಸೆಕೆಂಡಿನ ಸೋಲಿಗಿಂತ ಇದು ದೊಡ್ಡ ಸುದ್ದಿ ಎಂದು ನನ್ನ ಭಾವನೆ.

ಇನ್ನೊಬ್ಬನ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ: ಶುಗರ್ ರೇ ರಾಬಿನ್ಸನ್. ತೂಕದ ಭೇದವಿಲ್ಲದೆ ಅಳೆದರೆ ಎಲ್ಲರಿಗಿಂತ ಶ್ರೇಷ್ಠ ಈತನೇ ಎನ್ನುವವರು ಬಹಳ. 1947ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಈತನ ಹೊಡೆತಕ್ಕೆ ಬಿದ್ದ ಜಿಮ್ಮಿ ಡಾಯ್ಲ್ ಮತ್ತೆ ಏಳಲಿಲ್ಲ. ಡಾಯ್ಲ್‌ಗೆ ಹಿಂದಿನ ವರ್ಷವೇ ತಲೆಗೆ ದೊಡ್ಡ ಪೆಟ್ಟಾಗಿತ್ತು, ಆದರೂ ಯಾರೂ ತಡೆದಿರಲಿಲ್ಲ. ರಾಬಿನ್ಸನ್ ಮುಂದಿನ ತನ್ನ ಗಳಿಕೆಯಲ್ಲಿ ಡಾಯ್ಲ್‌ನ ತಾಯಿಗೆ ಹಣ ಕೊಟ್ಟ. ಹಣದಿಂದ ಸರಿಹೋಗುವ ನಷ್ಟವೇ ಅದು?

ಅಲಿ: ಸಾಕು ಎನ್ನುವವರಿಲ್ಲದಾಗ

ಕೆಂಟಕಿಯ ಲೂಯಿವಿಲ್‌ನಲ್ಲಿ 1954ರಲ್ಲಿ 12 ವರ್ಷದ ಕ್ಯಾಷಿಯಸ್ ಕ್ಲೇಯ ಸೈಕಲ್ ಕಳುವಾಯಿತು. ಕದ್ದವನನ್ನು ಚಚ್ಚಿಹಾಕುತ್ತೇನೆ ಎಂದು ಅಳುತ್ತಿದ್ದ ಹುಡುಗನಿಗೆ, ಹಾಗಾದರೆ ಮೊದಲು ಗುದ್ದುವುದನ್ನು ಕಲಿ ಎಂದು ಬುದ್ಧಿ ಹೇಳಿದವನು ಜೋ ಮಾರ್ಟಿನ್ ಎಂಬ ಪೊಲೀಸಿನವನು. ಆತ ಮಕ್ಕಳಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದ. ಆರು ವರ್ಷದಲ್ಲಿ ಆ ಹುಡುಗ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ. 1964ರಲ್ಲಿ ಸೋನಿ ಲಿಸ್ಟನ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ. ಹೆಸರು ಬದಲಿಸಿಕೊಂಡು ಮಹಮ್ಮದ್ ಅಲಿಯಾದ. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕಾಗಿ ಸೇನೆ ಸೇರಲು ಒಪ್ಪದೆ ಪಟ್ಟವನ್ನೂ ಲೈಸೆನ್ಸನ್ನೂ ಕಳೆದುಕೊಂಡು ಸುಮಾರು ಮೂರೂವರೆ ವರ್ಷ ಹೊರಗುಳಿದ. 1971ರಲ್ಲಿ ಸುಪ್ರೀಂ ಕೋರ್ಟ್ ಅವನ ಶಿಕ್ಷೆಯನ್ನು ರದ್ದುಗೊಳಿಸಿತು.

ಅದೇ ವರ್ಷ ಮಾರ್ಚ್ 8ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜೋ ಫ್ರೇಜಿಯರ್ ಅಲಿಯನ್ನು ಮೊದಲ ಬಾರಿ ಸೋಲಿಸಿದ. 1974ರಲ್ಲಿ ಕಿನ್ಷಾಸಾದಲ್ಲಿ ಅಲಿ ತನಗಿಂತ ಕಿರಿಯ, ಬಲಿಷ್ಠ ಜಾರ್ಜ್ ಫೋರ್‌ಮನ್‌ನನ್ನು ಹಗ್ಗಕ್ಕೆ ಒರಗಿಕೊಂಡೇ ದಣಿಸಿ ಎಂಟನೆಯ ಸುತ್ತಿನಲ್ಲಿ ಕೆಡವಿ ಪಟ್ಟ ಮರಳಿ ಪಡೆದ. ಆಮೇಲೆ 1975ರ ಅಕ್ಟೋಬರ್ 1, ಮನಿಲಾ. ಅಲಿ-ಫ್ರೇಜಿಯರ್ ಮೂರನೆಯ ಸಲ. ಹದಿನಾಲ್ಕು ಸುತ್ತು ಮುಗಿಯುವ ಹೊತ್ತಿಗೆ ಫ್ರೇಜಿಯರ್‌ನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ಇನ್ನೊಂದರ ದೃಷ್ಟಿ ಮೊದಲೇ ಮಂದ. ಉಳಿದಿದ್ದುದು ಮೂರೇ ನಿಮಿಷ. ಅವನ ಕೋಚ್ ಎಡ್ಡಿ ಫಚ್ ಪಂದ್ಯ ನಿಲ್ಲಿಸಿಬಿಟ್ಟ. ಫ್ರೇಜಿಯರ್ ಬೇಡಬೇಡವೆಂದ. ಫಚ್ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಇಂದು ನೀನು ಮಾಡಿದ್ದನ್ನು ಯಾರೂ ಮರೆಯುವುದಿಲ್ಲ ಎಂದು ಸಮಾಧಾನ ಹೇಳಿದ. ಎದುರು ಮೂಲೆಯಲ್ಲಿ ಅಲಿಯೂ ನಿಲ್ಲಲಾರದ ಸ್ಥಿತಿಯಲ್ಲಿದ್ದ. ಸಾವಿಗೆ ಅಷ್ಟು ಹತ್ತಿರ ತಾನು ಎಂದೂ ಹೋಗಿರಲಿಲ್ಲ ಎಂಬರ್ಥದ ಮಾತನ್ನು ಆಮೇಲೆ ಆಡಿದ. ಇನ್ನೊಂದು ಸುತ್ತು ಆಡಿದ್ದರೆ ಫ್ರೇಜಿಯರ್ ಗೆಲ್ಲುತ್ತಿದ್ದನೋ ಏನೋ ಎಂದು ಇಂದಿಗೂ ವಾದಿಸುವವರಿದ್ದಾರೆ. ಫಚ್ ಆ ಲೆಕ್ಕ ಹಾಕಲಿಲ್ಲ.

ಅಲಿಗೆ ಅಂಥ ಫಚ್ ಸಮಯಕ್ಕೆ ಸಿಗಲಿಲ್ಲ. 1977ರಲ್ಲಿ ಅವನ ವೈದ್ಯ ಫರ್ಡಿ ಪಚೇಕೊ ಪರೀಕ್ಷೆಯ ವರದಿಗಳನ್ನು ಆಪ್ತರಿಗೆ ಕಳಿಸಿ, ಇನ್ನು ಆಡಬಾರದು ಎಂದು ಎಚ್ಚರಿಸಿದ. ಉತ್ತರ ಬಾರದಿದ್ದಾಗ ಕೆಲಸ ಬಿಟ್ಟ. 1978ರಲ್ಲಿ ಅಲಿ ಪಟ್ಟ ಕಳೆದುಕೊಂಡು, ಅದೇ ವರ್ಷ ಮೂರನೆಯ ಬಾರಿ ಗೆದ್ದು ನಿವೃತ್ತನಾದ. ಅಲ್ಲಿಗೆ ಮುಗಿಯಬೇಕಿತ್ತು. 1980ರ ಅಕ್ಟೋಬರ್ 2ರಂದು ಮತ್ತೆ ಬಂದ. ಹಿಂದೆ ಅವನಿಗೇ ಅಭ್ಯಾಸದ ಜೊತೆಗಾರನಾಗಿದ್ದ ಲ್ಯಾರಿ ಹೋಮ್ಸ್ ಹತ್ತು ಸುತ್ತು ಹೊಡೆದ ಮೇಲೆ ಕೋಚ್ ಏಂಜೆಲೊ ಡಂಡೀ ನಿಲ್ಲಿಸಿದ. 1981ರಲ್ಲಿ ಇನ್ನೊಂದು ಸೋಲು, ಅದೇ ಕೊನೆ. 1984ರಲ್ಲಿ ಅಲಿಗೆ ಪಾರ್ಕಿನ್ಸನ್ ಕಾಯಿಲೆ ಇರುವುದು ಹೊರಬಿತ್ತು. ಅದರಲ್ಲಿ ಹೊಡೆತಗಳ ಪಾಲೆಷ್ಟು ಎಂಬ ಬಗ್ಗೆ ವೈದ್ಯರಲ್ಲಿ ಚರ್ಚೆ ಇದೆ. 1996ರಲ್ಲಿ ಅಟ್ಲಾಂಟಾದಲ್ಲಿ ನಡುಗುವ ಕೈಯಿಂದ ಆತ ಒಲಿಂಪಿಕ್ ಜ್ಯೋತಿ ಹೊತ್ತಿಸಿದ್ದನ್ನು ಟೀವಿಯಲ್ಲಿ ಕಂಡವರು ಮರೆಯಲಾರರು. 2016ರ ಜೂನ್ 3ರಂದು ಆತ ತೀರಿಕೊಂಡ.

ಬಾಕ್ಸರ್ ತಾನೇ "ಸಾಕು" ಎನ್ನಬಾರದೇ ಎಂದು ಕೇಳಬಹುದು. ಪನಾಮಾದ ರಾಬರ್ಟೊ ಡುರಾನ್ 1980ರ ನವೆಂಬರಿನಲ್ಲಿ ಶುಗರ್ ರೇ ಲೆನಾರ್ಡ್‌ನ ಎದುರು ಎಂಟನೆಯ ಸುತ್ತಿನಲ್ಲಿ ಕೈಬೀಸಿ ಆಟ ಬಿಟ್ಟ. ಜಗತ್ತಿನ ಅತ್ಯಂತ ಗಟ್ಟಿ ಬಾಕ್ಸರ್‌ಗಳಲ್ಲಿ ಒಬ್ಬನಾಗಿದ್ದ ಅವನನ್ನು ಅವನ ದೇಶದವರೇ ಹೇಡಿ ಎಂದು ಹಂಗಿಸಿದರು. ಈ ಅವಮಾನದ ಭಯ ಬೆನ್ನಿಗಿರುವಾಗ ಯಾರು ತಾನೇ ಬಾಯಿಬಿಟ್ಟಾರು? ಎರಡು ವರ್ಷದ ಬಳಿಕ, 1982ರ ನವೆಂಬರ್ 13ರಂದು, ಲಾಸ್ ವೇಗಸ್‌ನಲ್ಲಿ ಕೊರಿಯಾದ ಡುಕ್ ಕೂ ಕಿಮ್ ಹದಿನಾಲ್ಕನೆಯ ಸುತ್ತಿನವರೆಗೂ ಸೆಣಸಿ ಬಿದ್ದು ಕೆಲವೇ ದಿನಗಳಲ್ಲಿ ಸತ್ತ. ಆ ಸಾವಿನ ಬೆನ್ನಿಗೇ ಡಬ್ಲ್ಯೂ.ಬಿ.ಸಿ. ಸಂಸ್ಥೆ ಚಾಂಪಿಯನ್‌ಶಿಪ್ ಪಂದ್ಯವನ್ನು 15 ಸುತ್ತಿನಿಂದ 12ಕ್ಕೆ ಇಳಿಸಿತು. ಕೆಲವು ವರ್ಷಗಳಲ್ಲಿ ಉಳಿದ ಸಂಸ್ಥೆಗಳೂ ಅದೇ ದಾರಿ ಹಿಡಿದವು. ನಾನು ಆಗಲೇ ಹೇಳಿದ ಪ್ಯಾಚ್ ಎಂದರೆ ಇದು.

ಟೈಸನ್‌ನಿಂದ ಮೇರಿ ಕೋಮ್‌ವರೆಗೆ

ಬ್ರೂಕ್ಲಿನ್‌ನ ಬೀದಿಯಲ್ಲಿ ದಾರಿ ತಪ್ಪಿದ್ದ ಮೈಕ್ ಟೈಸನ್‌ನನ್ನು ಮುದಿ ಕೋಚ್ ಕಸ್ ಡಮಾಟೊ ಮಗನಂತೆ ಸಾಕಿ ತಿದ್ದಿದ. 1985ರಲ್ಲಿ ಡಮಾಟೊ ತೀರಿಕೊಂಡ. ಮರುವರ್ಷ 20 ವರ್ಷ 4 ತಿಂಗಳ ಟೈಸನ್ ಅತಿ ಕಿರಿಯ ಹೆವಿವೇಟ್ ಚಾಂಪಿಯನ್ ಆದ. ಆದರೆ ಗದರಿಸುವ ಹಿರಿಯನೊಬ್ಬ ಮನೆಯಲ್ಲಿ ಇರಲಿಲ್ಲ. 1990ರಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್‌ಗೆ ಸೋಲು, 1992ರಲ್ಲಿ ಅತ್ಯಾಚಾರದ ಅಪರಾಧಕ್ಕೆ ಜೈಲು, 1997ರಲ್ಲಿ ಹೋಲಿಫೀಲ್ಡ್‌ನ ಕಿವಿ, 2003ರಲ್ಲಿ ದಿವಾಳಿ. ಕೋಟಿಗಟ್ಟಲೆ ಡಾಲರ್ ಬಂದ ದಾರಿಯಲ್ಲೇ ಹೋಯಿತು.

ಇಂದು ವಿಶ್ವ ಚಾಂಪಿಯನ್ ಯಾರೆಂದು ಕೇಳಿದರೆ ಉತ್ತರ ಗೊಂದಲ. ಡಬ್ಲ್ಯೂ.ಬಿ.ಎ., ಡಬ್ಲ್ಯೂ.ಬಿ.ಸಿ., ಐ.ಬಿ.ಎಫ್., ಡಬ್ಲ್ಯೂ.ಬಿ.ಒ. ಎಂದು ನಾಲ್ಕು ಸಂಸ್ಥೆಗಳು, ಪ್ರತಿಯೊಂದಕ್ಕೂ ಹತ್ತಾರು ತೂಕದ ವಿಭಾಗ, ಎಲ್ಲದಕ್ಕೂ ಬೇರೆ ಬೇರೆ ಬೆಲ್ಟು. ಹೆವಿವೇಟ್‌ನಲ್ಲಿ ನಾಲ್ಕನ್ನೂ ಮೊದಲ ಬಾರಿ ಒಟ್ಟುಗೂಡಿಸಿದವನು ಉಕ್ರೇನಿನ ಒಲೆಕ್ಸಾಂಡರ್ ಉಸಿಕ್, 2024ರ ಮೇ ತಿಂಗಳಲ್ಲಿ.

ಭಾರತದ ಮಟ್ಟಿಗೆ ಹಾದಿ ತೆರೆದವರಲ್ಲಿ ಮಣಿಪುರದ ಡಿಂಕೊ ಸಿಂಗ್ ಮುಖ್ಯ. 1998ರಲ್ಲಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. ಅದನ್ನು ಕಂಡು ಗ್ಲೌಸ್ ತೊಟ್ಟವಳು ಅದೇ ರಾಜ್ಯದ ಬಡ ರೈತನ ಮಗಳು ಮೇರಿ ಕೋಮ್. ಮಗಳು ಬಾಕ್ಸಿಂಗ್ ಆಡುತ್ತಾಳೆಂದು ಅಪ್ಪನಿಗೆ ತಿಳಿದದ್ದು ಪತ್ರಿಕೆಯಲ್ಲಿ ಬಂದ ಫೋಟೋದಿಂದ! 2002ರಿಂದ 2018ರ ನಡುವೆ ಆಕೆ ಆರು ಬಾರಿ ವಿಶ್ವ ಚಾಂಪಿಯನ್ ಆದಳು, ನಡುವೆ ಅವಳಿ ಮಕ್ಕಳನ್ನು ಹೆತ್ತು ಮರಳಿ ಬಂದಳು. ಮಹಿಳೆಯರಿಗೆ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ಅವಕಾಶ ಸಿಕ್ಕಿದ್ದು 2012ರಲ್ಲಿ. ಆ ಮೊದಲ ಸಲವೇ ಆಕೆಗೆ ಕಂಚು. ಅದಕ್ಕೂ ಮುಂಚೆ 2008ರಲ್ಲಿ, ಹರಿಯಾಣದ ಬಸ್ ಚಾಲಕನ ಮಗ ವಿಜೇಂದರ್ ಸಿಂಗ್ ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಬಾಕ್ಸರ್ ಎನಿಸಿದ್ದ. ಟೋಕಿಯೋದಲ್ಲಿ ಅಸ್ಸಾಮಿನ ಲವ್ಲೀನಾ ಬೊರ್ಗೊಹೈನ್ ಕಂಚು ಗೆದ್ದಳು. ನಿಜಾಮಾಬಾದಿನ ನಿಖತ್ ಜರೀನ್ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದಳು.

ನಮ್ಮ ಮಕ್ಕಳು?

ಮೆಂಡೋಜಾನಿಂದ ಮೇರಿಯವರೆಗೆ ಪಟ್ಟಿ ನೋಡಿ. ಹೆಚ್ಚಿನವರು ಬಡವರು, ಅಥವಾ ಊರು ಹೊರಗಿಟ್ಟವರು. ಬೇರೆ ಬಾಗಿಲು ಮುಚ್ಚಿದ್ದಾಗ ಅವರಿಗೆ ತೆರೆದದ್ದು ರಿಂಗಿನ ಹಗ್ಗ. ನಮ್ಮ ಮಕ್ಕಳಿಗೆ ಹಾಗಲ್ಲ; ಅವರ ಮುಂದೆ ಹತ್ತು ಬಾಗಿಲುಗಳಿವೆ. ಆದ್ದರಿಂದ ನಮ್ಮ ಲೆಕ್ಕವೂ ಬೇರೆಯಾಗಿರಬೇಕು.

ಅಮೆರಿಕ ಮತ್ತು ಕೆನಡಾದ ಮಕ್ಕಳ ವೈದ್ಯರ ಸಂಘಗಳು 2011ರಲ್ಲಿ ಜಂಟಿಯಾಗಿ, ಮಕ್ಕಳು ಮತ್ತು ಹದಿಹರೆಯದವರಿಗೆ ಬಾಕ್ಸಿಂಗ್ ಬೇಡವೆಂದು ಸ್ಪಷ್ಟವಾಗಿ ಹೇಳಿವೆ. ತಲೆಗೆ ಹೆಲ್ಮೆಟ್‌ನಂಥ ಕವಚ ಹಾಕಿದರೆ ಸಾಲದೇ ಎಂದರೆ, ಅದು ಚರ್ಮ ಹರಿಯುವುದನ್ನು ತಡೆಯುತ್ತದೆ, ಒಳಗಿನ ಗಿಟುಕು ಅಲ್ಲಾಡುವುದನ್ನಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಪುರುಷರು ಕವಚವಿಲ್ಲದೆಯೇ ಆಡಿದರು.

ಹಾಗೆಂದು ಜಿಮ್ಮಿನ ಬಾಗಿಲನ್ನೇ ಮುಚ್ಚಬೇಕಿಲ್ಲ. ಹಗ್ಗದಾಟ, ಮರಳು ಚೀಲಕ್ಕೆ ಗುದ್ದುವುದು, ಕೋಚ್ ಹಿಡಿದ ಪ್ಯಾಡಿಗೆ ಗುದ್ದುವುದು, ಕಾಲ್ಚಲನೆ: ಇವೆಲ್ಲ ಒಳ್ಳೆಯ ವ್ಯಾಯಾಮ, ಶಿಸ್ತನ್ನೂ ಕಲಿಸುತ್ತವೆ. ತಲೆಗೆ ಪೆಟ್ಟು ಬೀಳದೆ ಇಷ್ಟನ್ನು ಕಲಿಸುವ ಜಿಮ್‌ಗಳು ಬೇಕಾದಷ್ಟಿವೆ. ಸೇರಿಸುವ ಮುಂಚೆ ಕೋಚನ್ನು ನಾಲ್ಕು ಪ್ರಶ್ನೆ ಕೇಳಿ. ಎದುರುಬದುರು ಆಡಿಸುತ್ತೀರಾ, ಆಡಿಸಿದರೆ ಯಾವ ವಯಸ್ಸಿಗೆ? ತಲೆಗೆ ಹೊಡೆಯಲು ಬಿಡುತ್ತೀರಾ? ಪೆಟ್ಟಾದ ಮೇಲೆ ವೈದ್ಯರ ಒಪ್ಪಿಗೆ ಇಲ್ಲದೆ ಮತ್ತೆ ಸೇರಿಸಿಕೊಳ್ಳುತ್ತೀರಾ? ಮಗು "ಇನ್ನೂ ಆಡುತ್ತೇನೆ" ಎಂದು ಹಟ ಹಿಡಿದಾಗ ನಿಲ್ಲಿಸುವವರು ಯಾರು? ಕೊನೆಯ ಪ್ರಶ್ನೆಗೆ ಕೋಚ್ ತಡವರಿಸಿದರೆ ಮಗುವಿನ ಕೈಹಿಡಿದು ಮನೆಗೆ ಬನ್ನಿ.

ಮುಂದೆ ಎಂದಾದರೂ ಟೀವಿಯಲ್ಲಿ ಬಾಕ್ಸಿಂಗ್ ಬಂದರೆ ಮಕ್ಕಳೊಡನೆ ಕುಳಿತು ಒಂದೆರಡು ಸುತ್ತು ನೋಡಿ. ಎಲ್ಲರ ಕಣ್ಣು ಇಬ್ಬರು ಬಾಕ್ಸರ್‌ಗಳ ಮೇಲಿರುತ್ತದೆ. ನೀವು ಮಾತ್ರ ನಡುನಡುವೆ ಮೂಲೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬ ವಯಸ್ಸಾದವನು ತನ್ನ ಹುಡುಗನ ಕಾಲುಗಳನ್ನೇ ನೋಡುತ್ತಾ ನಿಂತಿರುತ್ತಾನೆ. ಅವನ ಕೆಲಸ ಏನೆಂದು ಮಕ್ಕಳಿಗೆ ಹೇಳಿ.